ಕೇಪ್‌ಟೌನ್ ಸುತ್ತೋದು ಹೇಗೆ: ಗಾಡಿ ಮಾಡಿಕೊಂಡು, ಗಾಳಿ ನೋಡಿಕೊಂಡು

ಕೇಪ್‌ಟೌನ್‌ಗೆ ಹೊರಟವರು ನನ್ನನ್ನು ಮೊದಲು ಕೇಳುವುದು "ಎಷ್ಟು ದಿನ ಬೇಕು?" ಅಂತ. ನಾಲ್ಕು ದಿನ ಇಟ್ಟುಕೊಳ್ಳಿ ಅನ್ನುತ್ತೇನೆ. ಆದರೆ ಯಾವ ದಿನ ಏನು ನೋಡಬೇಕು ಅಂತ ಬೆಂಗಳೂರಲ್ಲೇ ಕೂತು ಬರೆದಿಡಬೇಡಿ. ಅಲ್ಲಿ ಅದನ್ನು ಗೊತ್ತು ಮಾಡುವುದು ಗಾಳಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಅವರಿಗೆ ಬೇಸಿಗೆ. ಆಗ ಆಗ್ನೇಯದಿಂದ ಬೀಸುವ ಗಾಳಿಗೆ ಅಲ್ಲಿಯವರು ಸೌತ್‌ಈಸ್ಟರ್ ಅನ್ನುತ್ತಾರೆ. ಊರಿನ ಹೊಗೆ, ಕೊಳಕನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ ಅಂತ ಅದಕ್ಕೆ ಕೇಪ್ ಡಾಕ್ಟರ್ ಅನ್ನುವ ಹೆಸರೂ ಇದೆ. ಅದು ಜೋರಾಗಿ ಬೀಸಿದ ದಿನ ಊರಿನ ಪಕ್ಕದ ಟೇಬಲ್ ಮೌಂಟನ್ ಬೆಟ್ಟದ ಕೇಬಲ್ ಕಾರ್ ನಿಲ್ಲುತ್ತದೆ. ಸಮುದ್ರ ಕೆಟ್ಟರೆ, ಮಂಡೇಲಾ ಸೆರೆಯಲ್ಲಿದ್ದ ರಾಬೆನ್ ದ್ವೀಪದ ದೋಣಿಯೂ ನಿಲ್ಲುತ್ತದೆ.

ಮೊದಲ ಸಲ ನಾವಿಬ್ಬರೇ ಹೋಗಿದ್ದಾಗ ದೊಡ್ಡ ಬಸ್ಸಿನ ಟೂರ್ ತಗೊಂಡಿದ್ದೆವು. ಅವರ ಪಟ್ಟಿಯಲ್ಲಿ ಟೇಬಲ್ ಮೌಂಟನ್ ಇದ್ದದ್ದು ಬುಧವಾರ. ಬುಧವಾರ ಗಾಳಿ, ಮೇಲೆ ಹೋಗಲು ಆಗಲಿಲ್ಲ. ಗುರುವಾರ ಬೆಟ್ಟ ಕನ್ನಡಿ ಹಾಗೆ ಹೊಳೆಯುತ್ತಿತ್ತು, ನಾವು ಬಸ್ಸಿನಲ್ಲಿ ಕೂತು ಕಿಟಕಿಯಿಂದ ಅದನ್ನು ನೋಡುತ್ತಾ ಬೇರೆ ಕಡೆ ಹೋದೆವು. ಪೆಂಗ್ವಿನ್‌ಗಳ ಹತ್ತಿರ ಸಿಕ್ಕಿದ್ದು ಇಪ್ಪತ್ತೈದು ನಿಮಿಷ. ಎರಡನೇ ಸಲ ಅಪ್ಪ, ಅಮ್ಮ, ಮಗಳನ್ನೂ ಕರೆದುಕೊಂಡು ಹೋದಾಗ ನಮ್ಮ ಮಟ್ಟಿಗೇ ಒಂದು ಗಾಡಿ, ಒಬ್ಬ ಗೈಡ್ ಅಂತ ಮಾಡಿಕೊಂಡೆವು. ಈಗ ಬರೆಯುತ್ತಿರುವುದೆಲ್ಲ ಆ ಎರಡನೇ ಸಲ ಕಲಿತದ್ದು.

ದುಡ್ಡಿನ ಮಾತು ಮೊದಲು. ಪ್ರೈವೇಟ್ ಟೂರ್‌ಗೆ ಸಾಮಾನ್ಯವಾಗಿ ಗಾಡಿಗೆ ಇಷ್ಟು, ದಿನಕ್ಕೆ ಇಷ್ಟು ಅಂತ ರೇಟು ಇರುತ್ತದೆ, ತಲೆಗೆ ಇಷ್ಟು ಅಂತಲ್ಲ. ಹಾಗಾಗಿ ಇಬ್ಬರಿಗೆ ದುಬಾರಿ, ಐದು ಜನಕ್ಕೆ ಬಸ್ಸಿನ ಟೂರ್‌ಗಿಂತ ತುಂಬಾ ಜಾಸ್ತಿ ಏನೂ ಆಗುವುದಿಲ್ಲ. ಒಂದು ರ‍್ಯಾಂಡ್ ಅಂದರೆ ಸುಮಾರು ಐದು ರೂಪಾಯಿ ಅಂತ ಮನಸ್ಸಲ್ಲಿಟ್ಟುಕೊಂಡು ಲೆಕ್ಕ ಹಾಕಿ. ರೇಟು ಕೇಳುವಾಗ ಪೆಟ್ರೋಲ್, ಕೇಪ್ ಪಾಯಿಂಟ್ ಮತ್ತು ಪೆಂಗ್ವಿನ್ ಬೀಚಿನ ಟಿಕೆಟ್, ಚಾಪ್‌ಮನ್ಸ್ ಪೀಕ್ ರಸ್ತೆಯ ಟೋಲ್, ಇವೆಲ್ಲ ಒಳಗೋ ಹೊರಗೋ ಅಂತ ಒಂದೊಂದಾಗಿ ಕೇಳಿ. ಕೇಪ್ ಪಾಯಿಂಟ್, ಪೆಂಗ್ವಿನ್ ಬೀಚು ಎರಡೂ ನ್ಯಾಷನಲ್ ಪಾರ್ಕಿನ ಒಳಗಿವೆ. ವಿದೇಶಿಯರಿಗೆ ಪಾರ್ಕಿನ ಟಿಕೆಟ್ ದರ ಬೇರೆ, ಅಲ್ಲಿಯವರಿಗಿಂತ ಸಾಕಷ್ಟು ಜಾಸ್ತಿ. ಐದು ಜನಕ್ಕೆ ಅದೇ ಒಂದು ದೊಡ್ಡ ಮೊತ್ತವಾಗುತ್ತದೆ.

ಆಮೇಲೆ ಗೈಡ್. ದಕ್ಷಿಣ ಆಫ್ರಿಕಾದಲ್ಲಿ ಟೂರಿಸ್ಟ್ ಗೈಡ್ ಆಗಬೇಕಾದರೆ ಸರ್ಕಾರದಲ್ಲಿ ನೋಂದಣಿ ಆಗಿರಲೇಬೇಕು, ಅವರಿಗೆ ಬ್ಯಾಡ್ಜು ಮತ್ತು ಕಾರ್ಡು ಕೊಟ್ಟಿರುತ್ತಾರೆ. ಗಾಡಿ ಓಡಿಸುವವರಿಗೆ ಪ್ರಯಾಣಿಕರನ್ನು ಕರೆದೊಯ್ಯುವ ಪರ್ಮಿಟ್ ಬೇರೆ ಇರಬೇಕು. ಎರಡನ್ನೂ ಕೇಳಿ, ಸಂಕೋಚ ಬೇಡ. ಸರಿಯಾದವರು ಖುಷಿಯಿಂದ ತೋರಿಸುತ್ತಾರೆ. ಇನ್ನೊಂದು ಮಾತನ್ನು ಬುಕ್ ಮಾಡುವಾಗಲೇ ಬರೆಸಿಕೊಳ್ಳಿ: "ಗಾಳಿ ನೋಡಿ ದಿನಗಳನ್ನು ಹಿಂದೆ ಮುಂದೆ ಮಾಡಬಹುದಾ?" ಇದಕ್ಕೆ ಆಗುವುದಿಲ್ಲ ಅಂದರೆ ಅವರನ್ನು ಬಿಟ್ಟು ಮುಂದೆ ಹೋಗಿ. ಈ ಒಂದು ಸೌಲಭ್ಯಕ್ಕೇ ಅಲ್ವಾ ನಾವು ಇಷ್ಟು ದುಡ್ಡು ಕೊಡುವುದು? ದಾರಿಯಲ್ಲಿ ಅಂಗಡಿಗೋ ಆಭರಣದ ಶೋರೂಮಿಗೋ ಕರೆದೊಯ್ಯುವುದು ಬೇಡ ಅಂತಲೂ ಹೇಳಿಬಿಡಿ.

ಯಾವಾಗ ಹೋಗಬೇಕು ಅಂದರೆ, ನಮ್ಮ ಮಕ್ಕಳ ಬೇಸಿಗೆ ರಜೆಯ ಏಪ್ರಿಲ್ ಚೆನ್ನಾಗಿರುತ್ತದೆ. ಬೇಸಿಗೆಯ ಗಾಳಿ ಇಳಿದಿರುತ್ತದೆ, ಮಳೆ ಇನ್ನೂ ಜೋರಾಗಿರುವುದಿಲ್ಲ. ಜೂನ್‌ನಿಂದ ಆಗಸ್ಟ್ ಅವರ ಚಳಿಗಾಲ, ಮಳೆಗಾಲ ಎರಡೂ. ದಸರಾ ರಜೆಗೆ ಹೋದರೆ ಅಲ್ಲಿ ವಸಂತ, ಫಾಲ್ಸ್ ಬೇ ಕೊಲ್ಲಿಯಲ್ಲಿ ತಿಮಿಂಗಿಲ ಕಾಣುವ ಸಾಧ್ಯತೆಯೂ ಇರುತ್ತದೆ. ಡಿಸೆಂಬರ್ ಕೊನೆ ಮಾತ್ರ ಬೇಡ. ಇಡೀ ದೇಶ ಅಲ್ಲೇ ರಜೆಗೆ ಬಂದಿರುತ್ತದೆ.

ಈಗ ಪೆನಿನ್ಸುಲಾ, ಅಂದರೆ ಊರಿನಿಂದ ದಕ್ಷಿಣಕ್ಕೆ ಬಾಲದ ಹಾಗೆ ಸಮುದ್ರಕ್ಕೆ ಚಾಚಿಕೊಂಡಿರುವ ಭಾಗ. ಇದಕ್ಕೆ ಒಂದು ಪೂರ್ತಿ ದಿನ ಕೊಡಿ. ಸುತ್ತಿ ಬಂದರೆ ಸುಮಾರು 150 ಕಿಲೋಮೀಟರ್, ನಿಲ್ಲಿಸಿ ನಿಲ್ಲಿಸಿ ಹೋಗಲು ಒಂಬತ್ತು ಗಂಟೆ ಬೇಕು. ದೊಡ್ಡ ಬಸ್ಸುಗಳು ಬಹಳಷ್ಟು ಬೆಳಿಗ್ಗೆ ಪಶ್ಚಿಮದ ಅಟ್ಲಾಂಟಿಕ್ ಕಡೆಯಿಂದ ಇಳಿಯುತ್ತವೆ: ಹೌಟ್ ಬೇ, ಚಾಪ್‌ಮನ್ಸ್ ಪೀಕ್, ಕೇಪ್ ಪಾಯಿಂಟ್, ಕೊನೆಗೆ ಪೆಂಗ್ವಿನ್. ನೀವು ಇದನ್ನು ತಿರುಗಿಸಿ. ಬೆಳಿಗ್ಗೆ ಏಳೂವರೆಗೆ ಹೊರಟು ಮೊದಲು ಪೂರ್ವದ ಫಾಲ್ಸ್ ಬೇ ಕಡೆ ಹೋಗಿ, ಪೆಂಗ್ವಿನ್ ನೋಡಿ, ಕೇಪ್ ಪಾಯಿಂಟ್ ಮುಗಿಸಿ, ಸಂಜೆಗೆ ಚಾಪ್‌ಮನ್ಸ್ ಪೀಕ್ ಮೇಲೆ ವಾಪಸು ಬನ್ನಿ. ಇದಕ್ಕೆ ಎರಡು ಕಾರಣ. ಬಸ್ಸುಗಳ ಜನ ನಿಮಗೆ ಎದುರಾಗುತ್ತಾರೆ, ಜೊತೆಯಾಗುವುದಿಲ್ಲ. ಮತ್ತೆ ಅಲ್ಲಿಯೂ ನಮ್ಮ ಹಾಗೆಯೇ ಗಾಡಿ ಓಡುವುದು ಎಡಕ್ಕೆ. ಉತ್ತರಕ್ಕೆ ಬರುವಾಗ ಸಮುದ್ರ ನಿಮ್ಮ ಎಡಗಡೆಗೇ ಸಿಗುತ್ತದೆ, ನಿಲ್ಲಿಸುವ ಜಾಗಗಳಿಗೆ ಎದುರಿನ ಗಾಡಿಗಳನ್ನು ದಾಟದೆ ಸೀದಾ ನುಗ್ಗಬಹುದು. ಸಂಜೆ ಬಿಸಿಲೂ ಆ ಬಂಡೆಗಳ ಮೇಲೇ ಬೀಳುತ್ತದೆ.

ಹೋಗುವ ದಾರಿಯಲ್ಲಿ ಎಡಕ್ಕೆ ಬೆಟ್ಟದ ಬುಡದಲ್ಲಿ ಗ್ರೂಟ್ ಸ್ಕ್ಯೂರ್ ಆಸ್ಪತ್ರೆ ಕಾಣುವಾಗ ಗೈಡ್ ಖಂಡಿತ ಬೆರಳು ತೋರಿಸುತ್ತಾರೆ. 1967ರ ಡಿಸೆಂಬರ್ 3ರಂದು ಕ್ರಿಸ್ಟಿಯಾನ್ ಬರ್ನಾರ್ಡ್ ಜಗತ್ತಿನಲ್ಲೇ ಮೊದಲ ಸಲ ಒಬ್ಬ ಮನುಷ್ಯನ ಹೃದಯವನ್ನು ಇನ್ನೊಬ್ಬರಿಗೆ ಜೋಡಿಸಿದ್ದು ಅಲ್ಲೇ. ಕ್ರಿಕೆಟ್ ನೋಡುವವರಿದ್ದರೆ ನ್ಯೂಲ್ಯಾಂಡ್ಸ್ ಮೈದಾನದ ಪಕ್ಕ ಸ್ವಲ್ಪ ಸುತ್ತಿ ಹೋಗಲು ಹೇಳಿ. 2024ರ ಜನವರಿಯಲ್ಲಿ ನಮ್ಮವರು ಅಲ್ಲಿ ಗೆದ್ದ ಟೆಸ್ಟ್ ಎರಡೇ ದಿನಕ್ಕೆ, 642 ಎಸೆತಕ್ಕೆ ಮುಗಿದಿತ್ತು. ಫಲಿತಾಂಶ ಬಂದ ಟೆಸ್ಟ್‌ಗಳಲ್ಲಿ ಅದಕ್ಕಿಂತ ಚಿಕ್ಕದು ಇನ್ನೊಂದಿಲ್ಲ ಅಂತ ಅಪ್ಪ ಗೈಡ್‌ಗೇ ಹೇಳಿದರು.

ಮ್ಯೂಜೆನ್‌ಬರ್ಗ್ ಬೀಚಿನಲ್ಲಿ, ಬಟ್ಟೆ ಬದಲಿಸಲು ಕಟ್ಟಿದ ಬಣ್ಣದ ಮರದ ಗೂಡುಗಳ ಮುಂದೆ ಹತ್ತು ನಿಮಿಷ ಸಾಕು. ಕಾಫಿ ಬೇಕಾದವರು ಕಾಕ್ ಬೇಯಲ್ಲಿ ಕುಡಿಯಬಹುದು. ಆದರೆ ತಡ ಮಾಡಬೇಡಿ, ಒಂಬತ್ತರ ಒಳಗೆ ಸೈಮನ್ಸ್ ಟೌನ್ ದಾಟಿ ಬೌಲ್ಡರ್ಸ್ ಬೀಚ್ ಸೇರಬೇಕು.

ಬೌಲ್ಡರ್ಸ್‌ನಲ್ಲಿ ಆತುರ ಬೇಡವೇ ಬೇಡ. ಮನೆ ಗಾತ್ರದ ನುಣುಪು ಬಂಡೆಗಳು, ನಡುವೆ ಬಿಳಿ ಮರಳು, ಮರಳಿನ ಮೇಲೆ ಪೆಂಗ್ವಿನ್. ಮರದ ಹಲಗೆಯ ದಾರಿ ಹಾಕಿದ್ದಾರೆ, ಮಂಡಿ ನೋವಿರುವವರೂ ಆರಾಮಾಗಿ ನಡೆಯಬಹುದು. ಮೊದಲು ನಿಮಗೆ ಕೇಳುವುದು ಕತ್ತೆ ಕೂಗಿದ ಹಾಗೆ ಒಂದು ಸದ್ದು. ಅದು ಇವುಗಳದ್ದೇ. ಅದಕ್ಕೇ ಇವಕ್ಕೆ ಹಿಂದೆ ಜ್ಯಾಕ್‌ಆಸ್ ಪೆಂಗ್ವಿನ್ ಅಂತ ಹೆಸರಿತ್ತು. ನಾವು ಹೋದಾಗ ಹಲಗೆಯಿಂದ ಒಂದು ಮೊಳ ದೂರದಲ್ಲಿ ಒಂದು ಪೆಂಗ್ವಿನ್ ಪೊದೆಯ ಕೆಳಗೆ ಕೂತಿತ್ತು. ಹೊಟ್ಟೆಯ ಕೆಳಗಿಂದ ಬೂದಿ ಬಣ್ಣದ ಮರಿಯ ತಲೆ ಆಗಾಗ ಹೊರಗೆ ಬರುತ್ತಿತ್ತು. ತಾಯಿ ಅದನ್ನು ಕೊಕ್ಕಿನಿಂದ ಮೆಲ್ಲಗೆ ಒಳಗೆ ತಳ್ಳುತ್ತಿತ್ತು. ಮತ್ತೆ ತಲೆ, ಮತ್ತೆ ಕೊಕ್ಕು. ಅಮ್ಮ ಅಲ್ಲೇ ಮುಕ್ಕಾಲು ಗಂಟೆ ನಿಂತರು. ಅವರನ್ನು ಯಾರೂ ಕರೆಯಲಿಲ್ಲ, ಕಾಯುವ ಬಸ್ ಇರಲಿಲ್ಲ.

1982ರಲ್ಲಿ ಇಲ್ಲಿ ಬಂದು ಗೂಡು ಮಾಡಿದ್ದು ಎರಡೇ ಜೋಡಿ. ಅದರಿಂದ ಸಾವಿರಾರು ಆದವು. ಆದರೆ ಒಟ್ಟಾರೆ ಆಫ್ರಿಕನ್ ಪೆಂಗ್ವಿನ್‌ಗಳ ಕತೆ ಚೆನ್ನಾಗಿಲ್ಲ. ಅವು ತಿನ್ನುವ ಬೂತಾಯಿ, ಆಂಚೊವಿ ಥರದ ಮೀನು ಕಡಿಮೆಯಾಗುತ್ತಾ ಬಂದು, ಇಡೀ ಜಗತ್ತಿನಲ್ಲಿ ಉಳಿದಿರುವ ಸಂಸಾರ ಮಾಡುವ ಜೋಡಿಗಳು ಹತ್ತು ಸಾವಿರಕ್ಕಿಂತ ಕಡಿಮೆ. 2024ರಲ್ಲಿ ಇವನ್ನು ಅಳಿವಿನ ಅಂಚಿಗೆ ತೀರಾ ಹತ್ತಿರವಿರುವ ಪಟ್ಟಿಗೆ ಸೇರಿಸಿದರು. ದಯವಿಟ್ಟು ಮುಟ್ಟಲು ಹೋಗಬೇಡಿ, ತಿನ್ನಲು ಹಾಕಬೇಡಿ, ಸೆಲ್ಫಿಗೆ ಅಡ್ಡ ಹಾಕಿ ನಿಲ್ಲಿಸಬೇಡಿ. ಕೊಕ್ಕು ಬ್ಲೇಡಿನ ಹಾಗಿರುತ್ತದೆ, ಅದು ಬೇರೆ. ವಾಪಸು ಬಂದು ಗಾಡಿ ಹತ್ತುವ ಮುಂಚೆ ಬಗ್ಗಿ ಕೆಳಗೆ ನೋಡಿ. ನೆರಳಿಗೆ ಅಂತ ಚಕ್ರದ ಪಕ್ಕ ಬಂದು ಮಲಗಿರುತ್ತವೆ, ಅದಕ್ಕೆ ಬೋರ್ಡೇ ಹಾಕಿದ್ದಾರೆ.

ಅಲ್ಲಿಂದ ಕೇಪ್ ಪಾಯಿಂಟ್ ಗೇಟಿಗೆ ಅರ್ಧ ಗಂಟೆಯೂ ಬೇಡ. ಒಳಗೆ ಎರಡು ಜಾಗ ಇವೆ, ಇದನ್ನು ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಒಂದು, ಎತ್ತರದಲ್ಲಿ ಲೈಟ್‌ಹೌಸ್ ಇರುವ ಕೇಪ್ ಪಾಯಿಂಟ್. ಇನ್ನೊಂದು, ಕೆಳಗೆ ಸಮುದ್ರದ ಮಟ್ಟದಲ್ಲಿ ಬೋರ್ಡು ನೆಟ್ಟಿರುವ ಕೇಪ್ ಆಫ್ ಗುಡ್ ಹೋಪ್, ನಾವು ಶಾಲೆಯಲ್ಲಿ ಓದಿದ ಗುಡ್ ಹೋಪ್ ಭೂಶಿರ. ಇದು ಆಫ್ರಿಕಾದ ತುತ್ತ ತುದಿ ಅಲ್ಲ, ನೈಋತ್ಯದ ತುದಿ. ದಕ್ಷಿಣದ ಕೊನೆ ಅಂದರೆ ಅಗುಲ್ಹಾಸ್, ಅದು ಇಲ್ಲಿಂದ ಆಗ್ನೇಯಕ್ಕೆ ಸುಮಾರು 150 ಕಿಲೋಮೀಟರ್ ದೂರ. ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರದ ಗಡಿ ಅಂತ ಗುರುತಿಸಿರುವುದೂ ಅಲ್ಲೇ. ಕನ್ಯಾಕುಮಾರಿಯ ಹಾಗೆ ಇಲ್ಲಿ ಎರಡು ಬಣ್ಣದ ನೀರು ಸೇರುತ್ತದೆ ಅಂತ ಯಾರಾದರೂ ತೋರಿಸಿದರೆ ಸುಮ್ನೆ ನಂಬಬೇಡಿ.

ಹಳೆಯ ಲೈಟ್‌ಹೌಸ್ 1860ರದ್ದು. ಸಮುದ್ರದಿಂದ 238 ಮೀಟರ್ ಮೇಲಿದೆ. ಎತ್ತರ ಜಾಸ್ತಿಯಾದಷ್ಟೂ ದೂರಕ್ಕೆ ಕಾಣುತ್ತದೆ ಅಂತ ಕಟ್ಟಿದರು, ಆದರೆ ಅಷ್ಟು ಎತ್ತರದಲ್ಲಿ ಮೋಡ ಮುಸುಕಿ ದೀಪವೇ ಕಾಣದಂತಾಗುತ್ತಿತ್ತು. 1911ರಲ್ಲಿ ಲುಸಿಟಾನಿಯಾ ಅನ್ನುವ ಪೋರ್ಚುಗೀಸ್ ಹಡಗು ಕೆಳಗಿನ ಬಂಡೆಗೆ ಬಡಿದ ಮೇಲೆ, 87 ಮೀಟರ್ ಎತ್ತರದಲ್ಲಿ ಇನ್ನೊಂದನ್ನು ಕಟ್ಟಿದರು. ಮೇಲೆ ನಿಂತು ಬಗ್ಗಿ ನೋಡಿದರೆ ಅದೂ ಕಾಣುತ್ತದೆ. ಮೇಲೆ ಹತ್ತಲು ಆಗದವರಿಗೆ ಫ್ಯುನಿಕ್ಯುಲರ್ ಅನ್ನುವ ಹಳಿಗಾಡಿ ಇದೆ. ಅಪ್ಪ ಅಮ್ಮನನ್ನು ಅದರಲ್ಲಿ ಕಳಿಸಿ ನಾವು ಮೆಟ್ಟಿಲು ಹತ್ತಿದೆವು.

ಪ್ರೈವೇಟ್ ಗಾಡಿಯ ದೊಡ್ಡ ಲಾಭ ಇಲ್ಲಿದೆ. ಮೇಲಿಂದ ಕೆಳಗಿನ ಭೂಶಿರದವರೆಗೆ ಬಂಡೆಯ ಅಂಚಲ್ಲೇ ಒಂದು ಕಾಲುದಾರಿ ಇದೆ, ಮುಕ್ಕಾಲರಿಂದ ಒಂದು ಗಂಟೆ. ಗೈಡ್‌ಗೆ ಮೊದಲೇ ಹೇಳಿ, ಅವರು ಗಾಡಿಯನ್ನು ಕೆಳಗೆ ತಂದು ಕಾಯುತ್ತಾರೆ. ನೀವು ಒಂದೇ ದಿಕ್ಕಿಗೆ ನಡೆದರೆ ಸಾಕು, ವಾಪಸು ಹತ್ತುವ ಕೆಲಸ ಇಲ್ಲ. ವಯಸ್ಸಾದವರು ಗಾಡಿಯಲ್ಲಿ ಬರಲಿ. ದಾರಿಯ ನಡುವೆ ಡಿಯಾಸ್ ಬೀಚ್ ಕೆಳಗೆ ಕಾಣುತ್ತದೆ, 1488ರಲ್ಲಿ ಈ ತುದಿಯನ್ನು ದಾಟಿದ ಬಾರ್ತಲೋಮಿಯು ಡಿಯಾಸ್‌ನ ಹೆಸರು. ಅವನ ಹಿಂದೆ 1497ರಲ್ಲಿ ಇದೇ ಬಂಡೆಯನ್ನು ಸುತ್ತಿ ಬಂದವನು ವಾಸ್ಕೋ ಡ ಗಾಮ. ಮರುವರ್ಷ ಕಲ್ಲಿಕೋಟೆ ಮುಟ್ಟಿದ, ವಾಪಸು ಹೋಗುವಾಗ ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಹಡಗು ದುರಸ್ತಿ ಮಾಡಿಕೊಂಡ. ಕಾರವಾರ ನೋಡಿದವರು ಈ ಕಡೆಯ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ನಡುವಿನ ನೀರಿನ ಉದ್ದ ಎಷ್ಟು ಅಂತ ಮೈಗೆ ಗೊತ್ತಾಗುತ್ತದೆ. ಟೋಪಿ ಮಾತ್ರ ಕಟ್ಟಿಕೊಳ್ಳಿ, ಸೀರೆ ಉಟ್ಟವರು ಸೆರಗಿಗೆ ಪಿನ್ ಹಾಕಿಕೊಳ್ಳಿ. ಗಾಳಿ ಆ ಥರ.

ಬಬೂನ್‌ಗಳ ವಿಷಯ ಗಂಭೀರವಾಗಿ ತಗೊಳ್ಳಿ. ಚಾಮುಂಡಿ ಬೆಟ್ಟದ ಕೋತಿಗಳನ್ನು ನೋಡಿ ಅಭ್ಯಾಸವಿದೆ ಅಂತ ಧೈರ್ಯ ಮಾಡಬೇಡಿ. ಇವು ನಾಯಿಗಿಂತ ದೊಡ್ಡವು, ಕೋರೆಹಲ್ಲು ಉದ್ದ, ಕಾರಿನ ಬಾಗಿಲು ತೆಗೆಯಲು ಬರುತ್ತದೆ. ನಮ್ಮ ಪಕ್ಕದ ಕಾರಿನ ಹಿಂದಿನ ಬಾಗಿಲನ್ನು ಒಂದು ಗಂಡು ಬಬೂನ್ ಹಿಡಿಕೆ ಎಳೆದು ತೆಗೆದು, ಚಿಪ್ಸ್ ಚೀಲ ಎತ್ತಿಕೊಂಡು, ಅದೇ ಕಾರಿನ ಬಾನೆಟ್ ಮೇಲೆ ಕೂತು ತಿಂದಿತು. ನಿಲ್ಲಿಸಿದ ತಕ್ಷಣ ಲಾಕ್ ಮಾಡಿ, ಕೈಯಲ್ಲಿ ತಿಂಡಿ ಇಟ್ಟುಕೊಂಡು ಇಳಿಯಬೇಡಿ.

ಊಟದ ಮಾತಿಗೆ ಬಂದರೆ, ಈ ದಾರಿಯಲ್ಲೆಲ್ಲ ಮೀನಿನ ಹೋಟೆಲುಗಳೇ ಜಾಸ್ತಿ. ಸಸ್ಯಾಹಾರಿಗಳಿಗೆ ಪಿಜ್ಜಾ, ಸಲಾಡ್, ಆಲೂಗಡ್ಡೆ ಸಿಗುತ್ತದೆ, ಹೊಟ್ಟೆ ತುಂಬುತ್ತದೆ ಅಷ್ಟೇ. ನಾವು ಹಿಂದಿನ ರಾತ್ರಿ ಸೂಪರ್ ಮಾರ್ಕೆಟ್‌ನಲ್ಲಿ ಬ್ರೆಡ್, ಮೊಸರು, ಹಣ್ಣು ತಗೊಂಡು, ಮನೆಯಿಂದ ತಂದ ಚಟ್ನಿಪುಡಿ ಸೇರಿಸಿ ಡಬ್ಬಿ ಕಟ್ಟಿಕೊಂಡಿದ್ದೆವು. ಪಾರ್ಕಿನ ಹೊರಗೆ ಬಂದ ಮೇಲೆ ಗಾಡಿಯೊಳಗೇ ಕೂತು ತಿಂದೆವು. ಗೈಡ್‌ಗೂ ಕೊಟ್ಟೆವು, ಚಟ್ನಿಪುಡಿ ಎರಡು ಸಲ ಹಾಕಿಸಿಕೊಂಡರು. ಊರಿನಲ್ಲಿ ಭಾರತೀಯ ಹೋಟೆಲುಗಳಿವೆ, ರಾತ್ರಿಯ ಚಿಂತೆ ಬೇಡ.

ವಾಪಸು ಬರುವಾಗ ಸ್ಕಾರ್ಬರೋ, ಕೊಮಟೀ ಕಡೆಯ ದಾರಿ ಹಿಡಿಯಲು ಹೇಳಿ. ಜನ ಕಡಿಮೆ, ಅಲೆ ಜಾಸ್ತಿ. ನೂರ್ಡ್‌ಹುಕ್ ದಾಟಿದರೆ ಚಾಪ್‌ಮನ್ಸ್ ಪೀಕ್ ರಸ್ತೆ ಶುರು: 9 ಕಿಲೋಮೀಟರ್, 114 ತಿರುವು, 1922ರಲ್ಲಿ ಮುಗಿದದ್ದು. ಮೊದಲ ನೋಟದ ಜಾಗದಲ್ಲಿ ಇಳಿದಾಗ ಸಮುದ್ರಕ್ಕೆ ಬೆನ್ನು ಹಾಕಿ ರಸ್ತೆಯ ಗೋಡೆಯನ್ನೂ ಒಮ್ಮೆ ನೋಡಿ. ಕೆಳಗೆ ಬೂದು ಬಣ್ಣದ ಗ್ರಾನೈಟ್, ಮೇಲೆ ಪದರ ಪದರವಾಗಿ ಕೆಂಪು ಮರಳುಗಲ್ಲು. ಎರಡೂ ಕೂಡುವ ಗೆರೆಯನ್ನೇ ಹಿಡಿದುಕೊಂಡು ರಸ್ತೆ ಕಡಿದಿದ್ದಾರೆ. ಕಲ್ಲು ಉರುಳುವ ಭಯವಿದ್ದರೆ, ಮಳೆ ಗಾಳಿ ಜೋರಾದರೆ ಈ ರಸ್ತೆ ಮುಚ್ಚುತ್ತಾರೆ. ಹಾಗಾದರೆ ಔ ಕಾಪ್ಸೆ ವೆಗ್ ಅನ್ನುವ ಬೆಟ್ಟದ ದಾರಿ ಇದೆ. ಬೆಳಿಗ್ಗೆಯೇ ವಿಚಾರಿಸಿಕೊಂಡು ಹೊರಡಿ. ಹೌಟ್ ಬೇ, ಲಂಡಡ್ನೋ ದಾಟಿ ಕ್ಯಾಂಪ್ಸ್ ಬೇ ಸೇರುವ ಹೊತ್ತಿಗೆ ಸೂರ್ಯ ಮುಳುಗಬೇಕು, ಅಷ್ಟಕ್ಕೆ ಲೆಕ್ಕ ಇಟ್ಟುಕೊಳ್ಳಿ. ಅಲ್ಲಿ ನೀರಿಗೆ ಇಳಿಯುವ ಮಕ್ಕಳಿಗೆ ಮೊದಲೇ ಹೇಳಿಬಿಡಿ, ದಕ್ಷಿಣ ಧ್ರುವದ ಕಡೆಯಿಂದ ಬರುವ ಬೆಂಗ್ವೆಲಾ ಪ್ರವಾಹದಿಂದ ಅಟ್ಲಾಂಟಿಕ್ ಕಡೆ ನೀರು ಬೇಸಿಗೆಯಲ್ಲೂ ಐಸ್. ಕಾಲು ನೆನೆಸಬೇಕಾದರೆ ಬೆಳಗಿನ ಫಾಲ್ಸ್ ಬೇ ವಾಸಿ.

ಊರೊಳಗೆ ಅರ್ಧ ದಿನ ಸಾಕು, ಅದನ್ನು ಗಾಳಿ ಇರುವ ದಿನಕ್ಕೆ ಇಟ್ಟುಕೊಳ್ಳಿ. ಬೋ-ಕಾಪ್ ಅನ್ನುವ ಬಡಾವಣೆಯ ಬಣ್ಣದ ಮನೆಗಳ ಫೋಟೋ ಎಲ್ಲರೂ ನೋಡಿರುತ್ತಾರೆ. ಡಚ್ಚರು ಗುಲಾಮರಾಗಿ ಹಿಡಿದು ತಂದವರಲ್ಲಿ ಇಂಡೋನೇಷ್ಯಾದವರ ಜೊತೆ ಬಂಗಾಳ, ಕೋರಮಂಡಲ, ಮಲಬಾರ್ ಕರಾವಳಿಯವರೂ ಇದ್ದರು ಅನ್ನುವುದನ್ನು ಗೈಡ್ ಹತ್ತಿರ ಕೇಳಿ ತಿಳಿದುಕೊಳ್ಳಿ. ಆ ಬಡಾವಣೆಯಲ್ಲಿ ನೆಲೆಸಿದವರಲ್ಲಿ ಅವರ ವಂಶದವರು ಬಹಳ, 1794ರ ಔವಲ್ ಮಸೀದಿ ಆ ಸಮುದಾಯದ್ದೇ. ಆ ಬಣ್ಣದ ಮನೆಗಳು ಜನ ವಾಸ ಮಾಡುವ ಮನೆಗಳು, ಬಾಗಿಲಲ್ಲಿ ಕೂತವರನ್ನು ಕೇಳದೆ ಫೋಟೋ ತೆಗೆಯಬೇಡಿ. ಭಾನುವಾರ ಬೆಳಿಗ್ಗೆಯಾದರೆ ಅಲ್ಲಿ ಕೂಸಿಸ್ಟರ್ ಸಿಗುತ್ತದೆ: ಮಸಾಲೆ ಹಾಕಿದ ಹಿಟ್ಟನ್ನು ಕರಿದು, ಪಾಕದಲ್ಲಿ ಅದ್ದಿ, ತೆಂಗಿನ ತುರಿ ಉದುರಿಸಿದ್ದು. ಅಮ್ಮನಿಗೆ ನಮ್ಮ ಬಾದೂಷಾ ನೆನಪಾಯಿತು.

ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ ಬಿಡಲೇಬೇಡಿ, ಭಾನುವಾರ ಮಾತ್ರ ಹೋಗಬೇಡಿ. 1966ರಲ್ಲಿ ಆಗಿನ ವರ್ಣಭೇದದ ಸರ್ಕಾರ ಡಿಸ್ಟ್ರಿಕ್ಟ್ ಸಿಕ್ಸ್ ಅನ್ನುವ ಬಡಾವಣೆಯನ್ನು ಬಿಳಿಯರಿಗೆ ಮಾತ್ರ ಅಂತ ಘೋಷಿಸಿತು. ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಅಲ್ಲಿಂದ ಎಬ್ಬಿಸಿ ಕಳಿಸಿದರು, ಮನೆಗಳನ್ನು ಬುಲ್ಡೋಜರ್‌ನಿಂದ ಕೆಡವಿದರು. ಮ್ಯೂಸಿಯಂ ನೆಲದ ಮೇಲೆ ಆ ಬೀದಿಗಳ ದೊಡ್ಡ ನಕ್ಷೆ ಇದೆ. ಅಲ್ಲಿದ್ದವರು ಬಂದು ತಮ್ಮ ಮನೆ ಇದ್ದ ಜಾಗದಲ್ಲಿ ಕೈಯಾರೆ ಹೆಸರು ಬರೆದಿದ್ದಾರೆ. ಮಗಳು ಅದರ ಮೇಲೆ ಕಾಲಿಡಲಿಲ್ಲ, ಅಂಚಲ್ಲೇ ನಡೆದಳು.

ರಾಬೆನ್ ದ್ವೀಪಕ್ಕೆ ನಿಮ್ಮ ಗೈಡ್ ಬೇಕಾಗಿಲ್ಲ, ಆ ಅರ್ಧ ದಿನಕ್ಕೆ ಅವರಿಗೆ ದುಡ್ಡು ಕೊಡಬೇಡಿ. ಊರಿನ ಬಂದರಿನ ವಾಟರ್‌ಫ್ರಂಟ್‌ನಿಂದ ದೋಣಿ, ಒಟ್ಟು ಮೂರೂವರೆ ಗಂಟೆ. ಮಂಡೇಲಾ ತಮ್ಮ 27 ವರ್ಷದ ಸೆರೆವಾಸದಲ್ಲಿ 18 ವರ್ಷ ಕಳೆದದ್ದು ಇಲ್ಲಿ. ಜೈಲಿನ ಒಳಗೆ ಕರೆದುಕೊಂಡು ಹೋಗುವವರು ಒಂದು ಕಾಲಕ್ಕೆ ಅಲ್ಲೇ ಕೈದಿಯಾಗಿದ್ದವರು. ಟಿಕೆಟ್ ಬೇಗ ಮುಗಿಯುತ್ತದೆ, ಇದೊಂದನ್ನು ಊರಿಂದಲೇ ತಗೊಳ್ಳಿ.

ಇನ್ನು ಸಣ್ಣಪುಟ್ಟದ್ದು. ವೀಸಾ ಕೆಲಸ ಬೇಗ ಶುರು ಮಾಡಿ. ಅಲ್ಲಿಯ ದೊಡ್ಡ ಮೂರು ಪಿನ್ನಿನ ಪ್ಲಗ್ ನಮ್ಮ ಮನೆಯ ಗೀಸರ್ ಪ್ಲಗ್ಗಿನದೇ ಅಳತೆ, ಹಾಗಾಗಿ ಇಲ್ಲಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಅಡಾಪ್ಟರ್ ಸಿಗುತ್ತದೆ. ಗೈಡ್ "ರೋಬೋಟ್ ಹತ್ತಿರ ಎಡಕ್ಕೆ" ಅಂದರೆ ಸಿಗ್ನಲ್ ಅಂತ ಅರ್ಥ. "ಜಸ್ಟ್ ನೌ ಬರುತ್ತೇನೆ" ಅಂದರೆ ಈಗಲೇ ಅಲ್ಲ, ಆಮೇಲೆ. ಕತ್ತಲಾದ ಮೇಲೆ ನಡೆದು ಓಡಾಡಬೇಡಿ, ಗಾಡಿಯಲ್ಲಿ ಬ್ಯಾಗು ಕಾಣುವ ಹಾಗೆ ಬಿಡಬೇಡಿ. ನೀರು ಹಿತಮಿತವಾಗಿ ಬಳಸಿ. 2018ರ ಬರದಲ್ಲಿ ಆ ಊರು ತಲೆಗೆ ದಿನಕ್ಕೆ 50 ಲೀಟರ್‌ನಲ್ಲಿ ಬದುಕಿದೆ. ಗೈಡ್ ಕೆಲಸ ಮೆಚ್ಚುಗೆಯಾದರೆ ನೂರಕ್ಕೆ ಹತ್ತರಷ್ಟು ಟಿಪ್ಸ್ ಕೊಡುವುದು ಅಲ್ಲಿಯ ರೂಢಿ.

ಟೇಬಲ್ ಮೌಂಟನ್ ಕೊನೆಗೆ ಬರೆದಿದ್ದೇನೆ, ಏಕೆಂದರೆ ಅದಕ್ಕೆ ದಿನ ಗೊತ್ತು ಮಾಡಬಾರದು. ಮೊದಲ ದಿನದಿಂದಲೇ ಗೈಡ್‌ಗೆ ಹೇಳಿಡಿ, ಯಾವ ಬೆಳಿಗ್ಗೆ ಬೆಟ್ಟ ತೆರೆದಿದೆಯೋ ಆವತ್ತು ಬೇರೆ ಎಲ್ಲ ಬಿಟ್ಟು ಅಲ್ಲಿಗೆ. ಬೆಟ್ಟದ ಮೇಲೆ ಬಿಳಿ ಮೋಡ ಹಾಸಿ ಅಂಚಿನಿಂದ ಕೆಳಗೆ ಇಳಿಯುತ್ತಿದ್ದರೆ, ಅದನ್ನು ಟೇಬಲ್ ಕ್ಲಾತ್ ಅನ್ನುತ್ತಾರೆ, ಆಗ ನೋಡಲು ಚೆಂದ, ಹತ್ತಲು ಅಲ್ಲ. ಕೇಬಲ್ ಕಾರ್ ಓಡುತ್ತಿದೆಯಾ ಅಂತ ಅವರ ವೆಬ್‌ಸೈಟಿನಲ್ಲಿ ಬೆಳಿಗ್ಗೆಯೇ ಗೊತ್ತಾಗುತ್ತದೆ. ಚಳಿಗಾಲದಲ್ಲಿ ವರ್ಷಕ್ಕೊಮ್ಮೆ ರಿಪೇರಿಗೆ ಅಂತ ಕೆಲವು ದಿನ ಪೂರ್ತಿ ಮುಚ್ಚುತ್ತಾರೆ, ಆ ತಾರೀಖು ನೋಡಿಕೊಂಡೇ ವಿಮಾನದ ಟಿಕೆಟ್ ತಗೊಳ್ಳಿ.

ನಮಗೆ ಮೂರನೇ ದಿನ ಬೆಳಿಗ್ಗೆ ಆರೂವರೆಗೆ ಮೆಸೇಜ್ ಬಂತು, "ಗಾಳಿ ಇಲ್ಲ, ಹೊರಡಿ" ಅಂತ. ಆವತ್ತು ಬೇರೆ ಕಡೆ ಹೋಗುವುದಿತ್ತು, ಬಿಟ್ಟೆವು. ಎಂಟಕ್ಕೆಲ್ಲ ಕ್ಯೂನಲ್ಲಿ ಮುಂದೆ ಇದ್ದೆವು. ಕೇಬಲ್ ಕಾರಿನ ನೆಲ ಮೆಲ್ಲಗೆ ಸುತ್ತುತ್ತದೆ, ಹಾಗಾಗಿ ಕಿಟಕಿ ಜಾಗಕ್ಕೆ ಜಗಳ ಬೇಡ. ಐದು ನಿಮಿಷಕ್ಕೆ ಮೇಲೆ, ಸಾವಿರ ಮೀಟರಿಗೂ ಜಾಸ್ತಿ ಎತ್ತರ. ಅಲ್ಲಿ ಚಪ್ಪಟೆ ಬಂಡೆ, ನಡೆಯಲು ಸುಲಭ. ಊರಿನ ಕಡೆಯ ನೋಟಕ್ಕೇ ಎಲ್ಲರೂ ಸೇರುತ್ತಾರೆ. ನೀವು ದಕ್ಷಿಣದ ಅಂಚಿಗೆ ನಡೆದು ಹೋಗಿ. ಹಿಂದಿನ ದಿನ ಸುತ್ತಿದ ಪೆನಿನ್ಸುಲಾ ಪೂರ್ತಿ, ತುದಿಯವರೆಗೂ, ಬೆನ್ನುಮೂಳೆಯ ಹಾಗೆ ಮಲಗಿರುವುದು ಕಾಣುತ್ತದೆ. ಅಪ್ಪ ಕನ್ನಡಕ ಒರೆಸಿಕೊಂಡು, ಎಡಗಡೆಯ ಕೊಲ್ಲಿಯ ಮೇಲೆ ಬೆರಳು ಇಟ್ಟು, ಅಮ್ಮನಿಗೆ ತೋರಿಸುತ್ತಿದ್ದರು: "ನಿನ್ನ ಪೆಂಗ್ವಿನ್ ಅಲ್ಲಿ, ನೋಡು, ಆ ಬಿಳಿ ಮರಳಿನ ಹತ್ತಿರ."